ಹನ್ನೊಂದು ತಿಂಗಳಿಗೆ ಎಲ್ಲ ಮಕ್ಕಳೂ ಸಮ

ಇಂಗ್ಲೆಂಡಿನ ಶೆಫೀಲ್ಡ್, ಉಕ್ಕಿಗೂ ಚಾಕು-ಚಮಚಗಳಿಗೂ ಹೆಸರಾದ ಊರು. ಆ ಊರಿನ ಅಸಮಾನತೆಯನ್ನು ಅಳೆಯಲು ಹೊರಟ ಶೆಫೀಲ್ಡ್ ಫೇರ್‌ನೆಸ್ ಕಮಿಷನ್ 2013ರ ತನ್ನ ವರದಿಯಲ್ಲಿ 83ನೇ ನಂಬರಿನ ಬಸ್ಸು ಹತ್ತಿತು. ಬಸ್ಸು ಹೊರಡುವ ಮಿಲ್‌ಹೌಸಸ್ ಇರುವುದು ಸ್ಥಿತಿವಂತರ ಎಕಲ್‌ಸಾಲ್ ವಾರ್ಡಿನಲ್ಲಿ. ಆಗ ಅಲ್ಲಿ ಹೆಂಗಸರ ಸರಾಸರಿ ಆಯಸ್ಸು 86.3 ವರ್ಷವಿತ್ತು. ಪೇಟೆಯ ನಡುವೆ ಹಾದು ಬರ್ನ್‌ಗ್ರೀವ್ ವಾರ್ಡು ಸೇರುವುದಕ್ಕೆ ಬೇಕಾದದ್ದು ನಲವತ್ತು ನಿಮಿಷ, ದೂರ ನಾಲ್ಕು ಮೈಲಿ. ಅಷ್ಟರಲ್ಲಿ ಹೆಂಗಸರ ಸರಾಸರಿ ಆಯಸ್ಸು 76.9ಕ್ಕೆ ಇಳಿದಿರುತ್ತಿತ್ತು. ಒಂದೇ ಊರು, ಒಂದೇ ನಗರಾಡಳಿತ, ದುಡ್ಡು ಕೇಳದೆ ಚಿಕಿತ್ಸೆ ಕೊಡುವ ಅದೇ ಎನ್‌ಎಚ್‌ಎಸ್. ಆದರೂ ಒಂಬತ್ತು ವರ್ಷಕ್ಕೂ ಮೀರಿದ ಅಂತರ.

ಆಸ್ಪತ್ರೆಯ ಬಾಗಿಲು ಎಲ್ಲರಿಗೂ ತೆರೆದಿದ್ದರೂ ಬಡವರು ಬೇಗ ಸಾಯುತ್ತಾರೆಂದರೆ, ಅಂತರ ಹುಟ್ಟುವ ಜಾಗ ಆಸ್ಪತ್ರೆಯಲ್ಲ ಎಂದಾಯಿತು. ಹಾಗಾದರೆ ಅದು ಹುಟ್ಟುವುದು ಎಲ್ಲಿ, ಯಾವ ವಯಸ್ಸಿನಲ್ಲಿ? ವೈದ್ಯರು ಸಿಗರೇಟು, ಸಕ್ಕರೆ, ರಕ್ತದೊತ್ತಡಗಳ ಲೆಕ್ಕ ಹಿಡಿದು ನಡುವಯಸ್ಸಿನವರನ್ನು ನೋಡುತ್ತಾರೆ. ಅದೇ ಊರಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಡೇನಿಯೆಲ್ ಮ್ಯಾಥ್ಯೂಸ್ ಮತ್ತು ಅವರ ಸಂಗಡಿಗರು ಇನ್ನೂ ಒಂದು ಮಾತೂ ಆಡದ ಕೂಸುಗಳನ್ನು ನೋಡಿದರು. ಅವರಿಗೆ ಸಿಕ್ಕ ಉತ್ತರ ಒಂದು ಕಡೆ ಹಿತವಾದದ್ದು, ಇನ್ನೊಂದು ಕಡೆ ಕಹಿಯಾದದ್ದು. ಪತ್ರಿಕೆಗಳ ‘ಪೋಷಕರಿಗೆ ಕಿವಿಮಾತು’ ಪುಟಗಳಲ್ಲಿ ಹಿತವಾದ ಭಾಗ ಮಾತ್ರ ಓಡಾಡುತ್ತದೆ. ಕಹಿಯಾದ ಭಾಗವೇ ಹೆಚ್ಚು ಮುಖ್ಯ ಎಂಬುದು ನನ್ನ ಎಣಿಕೆ.

ಮ್ಯಾಥ್ಯೂಸ್ ಅವರ ಮೂಲ ಆಸಕ್ತಿ ಮಗು ಮಾತು ಕಲಿಯುವ ಬಗೆಯಲ್ಲಿತ್ತು. 2008ರಲ್ಲಿ ಕಾಲಿನ್ ಬ್ಯಾನಾರ್ಡ್ ಅವರೊಡನೆ ಮಾಡಿದ ಒಂದು ಪ್ರಯೋಗದಲ್ಲಿ ಎರಡು-ಮೂರು ವರ್ಷದ ಮಕ್ಕಳಿಗೆ ನಾಲ್ಕು ಪದಗಳ ತುಣುಕುಗಳನ್ನು ಕೇಳಿಸಿ, ಹಾಗೆಯೇ ಹೇಳಿ ಎಂದರು. ಇಂಗ್ಲಿಷಿನಲ್ಲಿ ‘ನಿನ್ನ ಕುರ್ಚಿಯಲ್ಲಿ ಕೂತ್ಕೊ’ ಎಂಬ ತುಣುಕನ್ನು ಮಕ್ಕಳು ಸಲೀಸಾಗಿ ಹೇಳಿದರು. ‘ನಿನ್ನ ಲಾರಿಯಲ್ಲಿ ಕೂತ್ಕೊ’ ಎಂಬಲ್ಲಿ ಹೆಚ್ಚು ತಪ್ಪಿದರು. ಎರಡರಲ್ಲೂ ಪದಗಳು ಸುಲಭವೇ, ವ್ಯಾಕರಣ ಒಂದೇ. ವ್ಯತ್ಯಾಸ ಇಷ್ಟೆ: ಮೊದಲನೆಯದು ಮನೆಯಲ್ಲಿ ದಿನಾ ಕಿವಿಗೆ ಬೀಳುವ ಮಾತು. ಮಗು ಒಂದೊಂದೇ ಪದವನ್ನು ಹೆಕ್ಕಿ ನಿಯಮಕ್ಕೆ ಜೋಡಿಸುವುದಷ್ಟೇ ಅಲ್ಲ, ಬಳಸಿ ಬಳಸಿ ಹದವಾದ ಇಡೀ ನುಡಿಗಟ್ಟುಗಳನ್ನೇ ಜೋಪಾನ ಮಾಡಿಟ್ಟುಕೊಳ್ಳುತ್ತದೆ. ಅಂದಮೇಲೆ ಯಾವ ಮನೆಯಲ್ಲಿ ಯಾವ ಮಾತು ಎಷ್ಟು ಸಲ, ಯಾವ ಸಂದರ್ಭದಲ್ಲಿ ಬೀಳುತ್ತದೆ ಎಂಬುದು ಕಲಿಕೆಗೆ ಹೊರಗಿನ ಸಂಗತಿಯಾಗಿ ಉಳಿಯುವುದಿಲ್ಲ.

ಇನ್ನೊಂದು ಪ್ರಯೋಗ 2012ರದು. ಕೂಸು ಬೆರಳು ಚಾಚಿ ತೋರಿಸುವುದನ್ನು ಎಲ್ಲಿಂದ ಕಲಿಯುತ್ತದೆ? ಒಂಬತ್ತರಿಂದ ಹನ್ನೊಂದು ತಿಂಗಳ 102 ಕೂಸುಗಳ ತಾಯಂದಿರಲ್ಲಿ ಅರ್ಧದಷ್ಟು ಮಂದಿಗೆ ಒಂದು ತಿಂಗಳು ದಿನವೂ ಬೆರಳು ಮಾಡಿ ತೋರಿಸುವ ಆಟ ಆಡಲು ಹೇಳಿದರು. ಉಳಿದವರಿಗೆ ಸಂಗೀತದ ಆಟ. ತಿಂಗಳ ಕೊನೆಗೆ ನೋಡಿದರೆ, ತೋರುಬೆರಳು ಚಾಚುವ ಶಕ್ತಿ ಬರುವುದಕ್ಕೆ ತಾಯಿಯ ತರಬೇತಿ ಕಾರಣವಾಗಿರಲಿಲ್ಲ. ದೊಡ್ಡವರ ನೋಟ ಎತ್ತ ಹೊರಳಿತು ಎಂದು ಹಿಂಬಾಲಿಸುವುದನ್ನು ಮೊದಲೇ ಕಲಿತಿದ್ದ ಕೂಸುಗಳೇ ಬೆರಳು ಚಾಚಿದವು. ಆದರೆ ಬೆರಳು ತೋರಿಸುತ್ತಾ ‘ಅಮ್ಮ ನೋಡಿದಳೋ ಇಲ್ಲವೋ’ ಎಂದು ಮುಖ ತಿರುಗಿಸಿ ಖಾತ್ರಿ ಮಾಡಿಕೊಳ್ಳುವ ಅಭ್ಯಾಸ ತರಬೇತಿಯಿಂದ ಬೆಳೆಯಿತು. ಕೆಲವನ್ನು ಮಗು ತಾನಾಗಿ ಹೊತ್ತು ತರುತ್ತದೆ, ಕೆಲವು ಜೊತೆಯವರಿಂದ ಹದಗೊಳ್ಳುತ್ತವೆ. ಯಾವುದು ಯಾವ ಪಾಲಿನದು ಎಂದು ಬೇರ್ಪಡಿಸುವುದೇ ಇಂಥ ಪ್ರಯೋಗಗಳ ಕಸುಬು.

ಈ ಬಗೆಯ ನೋಟ ಇಟ್ಟುಕೊಂಡೇ ಅವರು ಅಸಮಾನತೆಯ ಪ್ರಶ್ನೆಗೆ ಬಂದರು. ಬಡ ಮನೆಗಳ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಪದಸಂಪತ್ತಿನಲ್ಲಿ ಹಿಂದಿರುತ್ತಾರೆ ಎಂಬುದು ಇಂಗ್ಲೆಂಡಿನಲ್ಲಿ ಹಳೆಯ ಸಂಗತಿ. ಹಿಂದೆ ಬೀಳುವುದು ಯಾವಾಗ? ಮಿಶೆಲ್ ಮೆಗಿಲಿಯನ್ ಮುಖ್ಯ ಲೇಖಕಿಯಾಗಿದ್ದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮ್ಯಾಥ್ಯೂಸ್ ಅದರ ಸಹಲೇಖಕಿ. ಹನ್ನೊಂದು ತಿಂಗಳ 142 ಕೂಸುಗಳು. ಅನುಕೂಲಸ್ಥ ಮನೆಗಳವೂ ಇದ್ದವು, ಕಷ್ಟದ ಮನೆಗಳವೂ ಇದ್ದವು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ಪೋಷಕರಿಗೆ ಮಗುವಿನೊಡನೆ ಮಾತಾಡುವ ಬಗೆಯ ಕುರಿತು ಒಂದು ವೀಡಿಯೊ ತೋರಿಸಿ, ತಿಂಗಳ ಕಾಲ ದಿನಕ್ಕೆ ಹದಿನೈದು ನಿಮಿಷ ಅದನ್ನು ಅಭ್ಯಾಸ ಮಾಡಲು ಕೇಳಿಕೊಂಡರು. ಇನ್ನೊಂದು ಗುಂಪಿಗೆ ಸಿಕ್ಕಿದ್ದು ಹಲ್ಲಿನ ಆರೋಗ್ಯದ ಸಲಹೆ. ಯಾರೂ ಬರಿಗೈಯಲ್ಲಿ ಹೋಗಲಿಲ್ಲ, ಹೋಲಿಕೆಯೂ ನ್ಯಾಯವಾಗಿತ್ತು.

ವೀಡಿಯೊ ಕಲಿಸಿದ್ದು ಹೆಚ್ಚು ಮಾತಾಡಿ ಎಂದಲ್ಲ. ಮಗು ಯಾವುದನ್ನು ನೋಡುತ್ತಿದೆಯೋ, ಮುಟ್ಟುತ್ತಿದೆಯೋ, ಅದರ ಬಗ್ಗೆ ಆಗಲೇ ಮಾತಾಡಿ ಎಂದು. ಊಟದ ಕುರ್ಚಿಯಲ್ಲಿ ಕೂತ ಕೂಸು ಚಮಚವನ್ನು ಕೆಳಕ್ಕೆ ಬಿಡುತ್ತದೆ, ಬಗ್ಗಿ ನೋಡುತ್ತದೆ, ‘ಬಾ’ ಎನ್ನುತ್ತದೆ. ಆಗ ‘ಓ, ಚಮಚ! ಚಮಚ ಬಿತ್ತಲ್ಲ, ಠಣ್ ಅಂತು’ ಎಂದರೆ ಕಣ್ಣೆದುರಿನ ವಸ್ತು, ಈಗ ತಾನೇ ನಡೆದ ಸಂಗತಿ, ಕಿವಿಗೆ ಬಿದ್ದ ಪದ ಮೂರೂ ಒಂದೇ ಕ್ಷಣದಲ್ಲಿ ಕೂಡುತ್ತವೆ. ಅದರ ಬದಲು ‘ಇಲ್ಲಿ ನೋಡು ಕರಡಿ, ಕರಡಿ ಎಲ್ಲಿದೆ ಹೇಳು’ ಎಂದು ಗೊಂಬೆಯನ್ನು ಮುಖದ ಮುಂದೆ ಹಿಡಿದರೆ ಮಗು ತನ್ನ ಚಮಚವನ್ನು ಬಿಟ್ಟು ಬರಬೇಕು, ಹೊಸ ವಸ್ತುವನ್ನು ಹಿಡಿಯಬೇಕು, ಆಮೇಲೆ ಪದವನ್ನು ಹುಡುಕಬೇಕು. ಸಂಶೋಧಕರು ಮೊದಲನೆಯದನ್ನು ‘ಕಂಟಿಂಜೆಂಟ್ ಟಾಕ್’ ಎನ್ನುತ್ತಾರೆ. ನಾವು ಇಲ್ಲಿ ಓಗೊಡುವ ಮಾತು ಎನ್ನೋಣ.

ಇನ್ನು ಫಲಿತಾಂಶ. ತರಬೇತಿಗೆ ಮುಂಚೆ, ಹನ್ನೊಂದನೇ ತಿಂಗಳಿನಲ್ಲಿ, ಪೋಷಕರ ಓಗೊಡುವ ಮಾತಿನಲ್ಲಿ ಸ್ಥಿತಿಗತಿಗೆ ತಕ್ಕ ಏರಿಳಿತ ಆಗಲೇ ಇತ್ತು. ಕಷ್ಟದ ಮನೆಗಳಲ್ಲಿ ಅದು ಕಡಿಮೆ. ಆದರೆ ಕೂಸುಗಳ ಕಡೆಯಲ್ಲಿ, ಅವು ಸನ್ನೆ ಮಾಡುವುದರಲ್ಲಿ, ಸದ್ದು ಮಾಡುವುದರಲ್ಲಿ, ಸಂವಹನಕ್ಕೆ ಹವಣಿಸುವುದರಲ್ಲಿ ಅಂಥ ಏರಿಳಿತ ಕಾಣಲಿಲ್ಲ. ಬಡವರ ಕೂಸು, ಉಳ್ಳವರ ಕೂಸು ಎರಡೂ ಒಂದೇ ಗೆರೆಯ ಮೇಲೆ ನಿಂತಿದ್ದವು. ಇದೇ ತಂಡದವರು ಸೇರಿ ಮಾಡಿದ ಇನ್ನೊಂದು ಅಧ್ಯಯನದಲ್ಲಿ 46 ಕೂಸುಗಳನ್ನು ಒಂಬತ್ತರಿಂದ ಹದಿನೆಂಟು ತಿಂಗಳವರೆಗೆ ತಿಂಗಳಿಗೊಮ್ಮೆ ಗಮನಿಸಿದರು. ಮೊದಲ ಪದ ಯಾವಾಗ ಬರುತ್ತದೆಂದು ಮುಂಗಾಣಿಸಿದ್ದು ಬಾಬಾ-ದಾದಾ ಎಂಬ ತೊದಲು ಮಾತ್ರ. ತಾಯಿಯ ವಿದ್ಯಾಭ್ಯಾಸ ಲೆಕ್ಕಕ್ಕೆ ಬಂದದ್ದು ಹದಿನೆಂಟನೇ ತಿಂಗಳ ಪದಸಂಪತ್ತನ್ನು ಅಳೆದಾಗ. ಎರಡೂ ಅಧ್ಯಯನಗಳು ಒಂದೇ ಕಡೆ ಕೈ ತೋರುತ್ತವೆ: ಮಾತಿನ ಮೇಲೆ ಬಡತನದ ಗುರುತು ಬೀಳುವುದು ಮಗುವಿನ ಎರಡನೇ ವರ್ಷದಲ್ಲಿ.

ತಿಂಗಳ ಅಭ್ಯಾಸದ ಬಳಿಕ ಎರಡೂ ಬಗೆಯ ಮನೆಗಳ ಪೋಷಕರಲ್ಲಿ ಓಗೊಡುವ ಮಾತು ಗಣನೀಯವಾಗಿ ಹೆಚ್ಚಿತು. ಹದಿನೈದನೇ ತಿಂಗಳಿಗೆ, ಮತ್ತೆ ಹದಿನೆಂಟನೇ ತಿಂಗಳಿಗೆ, ತರಬೇತಿ ಪಡೆದ ಕಷ್ಟದ ಮನೆಗಳ ಮಕ್ಕಳು ಹೆಚ್ಚು ಪದಗಳನ್ನು ಆಡುತ್ತಿದ್ದಾರೆಂದು ಪೋಷಕರು ವರದಿ ಮಾಡಿದರು. ಒಂದು ವೀಡಿಯೊ, ದಿನಕ್ಕೆ ಕಾಲು ಗಂಟೆ, ಒಂದು ತಿಂಗಳು. ಇಷ್ಟು ಅಗ್ಗದ ಬೆಲೆಗೆ ಇಷ್ಟು ಫಲ! ಕಿವಿಮಾತಿನ ಪುಟಗಳು ಇಲ್ಲಿಗೆ ನಿಲ್ಲುತ್ತವೆ.

ಅಧ್ಯಯನ ಇಲ್ಲಿಗೆ ನಿಲ್ಲಲಿಲ್ಲ. ಇಪ್ಪತ್ತನಾಲ್ಕನೇ ತಿಂಗಳಿನಲ್ಲಿ ಮತ್ತೆ ಅಳೆದಾಗ ತರಬೇತಿಯ ಲಾಭ ಉಳಿದಿರಲಿಲ್ಲ. ಆ ವಯಸ್ಸಿನ ಪದಸಂಪತ್ತನ್ನು ನಿರ್ಧರಿಸಿದ್ದು ಹಳೆಯ ಸಂಗತಿಗಳೇ: ಮನೆಯ ಸ್ಥಿತಿಗತಿ, ಆರಂಭದಲ್ಲಿ ಮಗು ಹೇಗೆ ಸಂವಹನ ಮಾಡುತ್ತಿತ್ತು, ಆರಂಭದಲ್ಲಿ ಪೋಷಕರು ಎಷ್ಟು ಓಗೊಡುತ್ತಿದ್ದರು. ಸಂಶೋಧಕರು ಇದನ್ನು ಮುಚ್ಚಿಡಲಿಲ್ಲ. ಲಾಭ ಶಾಲೆಯ ಬಾಗಿಲಿನವರೆಗೆ ಉಳಿಯಬೇಕಾದರೆ ಬೆಂಬಲ ಮುಂದುವರಿಯಬೇಕಾದೀತು ಎಂದು ಪ್ರಬಂಧದ ಸಾರಾಂಶದಲ್ಲೇ ಬರೆದರು.

ಈ ಇಳಿಕೆಯನ್ನು ಸೋಲೆಂದು ಓದಬಹುದು. ನಾನು ಹಾಗೆ ಓದುವುದಿಲ್ಲ. ಪೋಷಕರಿಗೆ ಕಲಿಯುವ ಶಕ್ತಿ ಇತ್ತು, ಮನಸ್ಸಿತ್ತು. ಕಲಿತರು, ಮಾಡಿ ತೋರಿಸಿದರು. ಮಕ್ಕಳಿಗೂ ಶಕ್ತಿ ಇತ್ತು. ಮಾತು ಸಿಕ್ಕ ಕೂಡಲೇ ಚಿಗುರಿದರು. ಬದಲಾಗದೆ ಉಳಿದದ್ದು ಮನೆಯ ಪರಿಸ್ಥಿತಿ. ಮಗುವಿನ ಮಾತಿಗೆ ಬೇಕಾದದ್ದು ಒಂದು ಸಲ ಚುಚ್ಚಿಸಿಕೊಂಡು ಮರೆಯುವ ಲಸಿಕೆಯಲ್ಲ, ದಿನದಿನದ ಊಟ. ಒಂದು ತಿಂಗಳು ಹೊಟ್ಟೆತುಂಬ ಉಣಿಸಿ, ಒಂದು ವರ್ಷದ ಬಳಿಕ ಬಂದು ‘ಮಗು ಯಾಕೆ ಸೊರಗಿದೆ’ ಎಂದು ಕೇಳುವುದರಲ್ಲಿ ಅರ್ಥವಿಲ್ಲ.

ಈ ವಿಷಯದಲ್ಲಿ ದಾರಿ ತಪ್ಪಿಸಿದ ಒಂದು ಅಂಕಿಯಿದೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಬೆಟ್ಟಿ ಹಾರ್ಟ್ ಮತ್ತು ಟಾಡ್ ರಿಸ್ಲೆ 42 ಕುಟುಂಬಗಳ ಮನೆಗೆ ಎರಡೂವರೆ ವರ್ಷ ಕಾಲ ತಿಂಗಳಿಗೆ ಒಂದು ಗಂಟೆಯಂತೆ ಹೋಗಿ, ಮಗುವಿನ ಸುತ್ತ ನಡೆದ ಮಾತನ್ನೆಲ್ಲ ದಾಖಲಿಸಿದರು. 1995ರಲ್ಲಿ ಬಂದ ಅವರ ಪುಸ್ತಕದ ಪ್ರಕಾರ ವೃತ್ತಿಪರರ ಮನೆಯ ಮಗು ಗಂಟೆಗೆ ಸರಾಸರಿ 2,153 ಪದ ಕೇಳುತ್ತಿತ್ತು, ಸರ್ಕಾರದ ಭತ್ಯೆಯ ಮೇಲೆ ಬದುಕುವ ಮನೆಯ ಮಗು 616 ಪದ. ಅದನ್ನೇ ಗುಣಿಸಿ, ನಾಲ್ಕನೇ ವರ್ಷಕ್ಕೆ ಮೂರು ಕೋಟಿ ಪದಗಳ ಕಂದರ ಎಂದರು. ಈ ಮೂರು ಕೋಟಿ ಜಗತ್ತನ್ನೆಲ್ಲ ಸುತ್ತಿತು. ಮಗುವಿನ ಅಂಗಿಗೆ ಪುಟ್ಟ ರೆಕಾರ್ಡರ್ ಸಿಕ್ಕಿಸಿ ದಿನದ ಪದಗಳನ್ನು ಎಣಿಸುವ ಯೋಜನೆಗಳು ಅಮೆರಿಕದ ಊರುಗಳಲ್ಲಿ ಶುರುವಾದವು. ಆದರೆ ಭತ್ಯೆಯ ಗುಂಪಿನಲ್ಲಿ ಇದ್ದದ್ದು ಬರೀ ಆರು ಕುಟುಂಬಗಳು, ಆರೂ ಕಪ್ಪು ಜನರವು. ಮನೆಗೆ ಬಂದು ಟಿಪ್ಪಣಿ ಬರೆದುಕೊಳ್ಳುವ ಅಪರಿಚಿತರ ಮುಂದೆ ಯಾರ ನಾಲಿಗೆ ಸಲೀಸಾಗಿ ಹೊರಳುತ್ತದೆ, ಯಾರದು ಕಟ್ಟುತ್ತದೆ ಎಂಬ ಪ್ರಶ್ನೆಯೂ ಇತ್ತು. ಡಗ್ಲಸ್ ಸ್ಪೆರಿ ಮತ್ತು ಸಂಗಡಿಗರು ಅಮೆರಿಕದ ಐದು ಸಮುದಾಯಗಳ 42 ಮಕ್ಕಳ ದಾಖಲೆ ತೆಗೆದು ನೋಡಿದಾಗ ಅಂಥ ನಿಚ್ಚಳ ಕಂದರ ಕಾಣಲಿಲ್ಲ. ಒಂದೇ ವರ್ಗದ ಒಳಗೇ ಮನೆಮನೆಗೆ ಅಜಗಜಾಂತರ ಇತ್ತು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆನ್ ಫರ್ನಾಲ್ಡ್ ಮತ್ತು ಆಡ್ರಿಯಾನಾ ವೈಸ್ಲೆಡರ್ 2013ರಲ್ಲಿ ಇದನ್ನು ಅಂಕಿಗಳಲ್ಲೇ ತೋರಿಸಿದರು. ಸ್ಪ್ಯಾನಿಷ್ ಆಡುವ 29 ಬಡ ಕುಟುಂಬಗಳಲ್ಲಿ ಹತ್ತು ಗಂಟೆಗಳ ಒಂದು ದಿನದಲ್ಲಿ ಮಗುವಿಗೆಂದೇ ಆಡಿದ ಪದಗಳು ಒಂದು ಮನೆಯಲ್ಲಿ 670ರ ಸುಮಾರು, ಇನ್ನೊಂದರಲ್ಲಿ 12 ಸಾವಿರ. ಆದಾಯ ಹೆಚ್ಚುಕಡಿಮೆ ಒಂದೇ, ಮಾತು ಹದಿನೆಂಟು ಪಟ್ಟು ಬೇರೆ. ಮಗುವನ್ನು ಉದ್ದೇಶಿಸಿ ಆಡಿದ ಮಾತು ಹೆಚ್ಚಿದ್ದಲ್ಲಿ ಮಗುವಿನ ಪದಸಂಪತ್ತೂ ಹೆಚ್ಚಿತ್ತು. ದೊಡ್ಡವರು ತಮ್ಮತಮ್ಮಲ್ಲಿ ಆಡಿಕೊಂಡ ಮಾತಿಗೆ ಅಂಥ ಸಂಬಂಧ ಕಾಣಲಿಲ್ಲ. ಟಿವಿ ಹಚ್ಚಿಟ್ಟು ‘ಮಗು ಕೇಳಿ ಕಲಿಯುತ್ತೆ’ ಎನ್ನುವವರು ಇದನ್ನು ಗಮನಿಸಬೇಕು.

ಇದಕ್ಕೂ ಒಂದು ಎದುರು ಮಾತಿದೆ. ಮೆಕ್ಸಿಕೋದ ಚಿಯಾಪಾಸ್ ಬೆಟ್ಟಗಳಲ್ಲಿರುವ ತ್ಸೆಲ್ತಾಲ್ ಮಾಯಾ ರೈತರ ಹಳ್ಳಿಯಲ್ಲಿ ಮರಿಸಾ ಕಸಿಯಾಸ್ ಮತ್ತು ಸಂಗಡಿಗರು ಮೂರು ವರ್ಷದೊಳಗಿನ ಮಕ್ಕಳ ಇಡೀ ದಿನವನ್ನು ದಾಖಲಿಸಿದರು. ಮಗುವಿಗೆಂದೇ ಆಡಿದ ಮಾತು ಗಂಟೆಗೆ ನಾಲ್ಕು ನಿಮಿಷಕ್ಕೂ ಕಡಿಮೆ. ಆದರೂ ಆ ಮಕ್ಕಳು ತೊದಲು, ಮೊದಲ ಪದ, ಪದಗಳ ಜೋಡಣೆಯ ಮೆಟ್ಟಿಲುಗಳನ್ನು ಬೇರೆಡೆಯ ಮಕ್ಕಳ ಹಾಗೆಯೇ ಹತ್ತಿದರು. ತಾಯಿಯ ಬೆನ್ನಿಗೆ ಕಟ್ಟಿಕೊಂಡು ಹೊಲ-ಮನೆ ಸುತ್ತುವ ಮಗುವಿನ ದಿನಚರಿಗೂ ಶೆಫೀಲ್ಡಿನ ಫ್ಲ್ಯಾಟಿನಲ್ಲಿ ತಾಯಿಯೊಬ್ಬಳೊಂದಿಗೇ ಕಳೆಯುವ ಮಗುವಿನ ದಿನಚರಿಗೂ ತಾಳೆಯಾಗುವುದಿಲ್ಲ. ಅಂದರೆ ಶೆಫೀಲ್ಡಿನ ಪಾಠವನ್ನು ಎಲ್ಲ ನಾಡಿಗೂ ಒಂದೇ ಅಳತೆಯಲ್ಲಿ ಹೊಲಿದು ತೊಡಿಸಲಾಗದು. ಮಾತು ಕಲಿಯುವ ಮೂಲಶಕ್ತಿ ಗಟ್ಟಿಯಾದದ್ದು, ಬಹುಪಾಲು ಮಕ್ಕಳು ಎಲ್ಲಿದ್ದರೂ ಮಾತಾಡಿಯೇ ತೀರುತ್ತಾರೆ. ಶಾಲೆ, ಓದು, ಪರೀಕ್ಷೆಗಳೇ ಬದುಕಿನ ದಾರಿಯಾಗಿರುವ ಸಮಾಜದಲ್ಲಿ ಮಾತ್ರ ಪದಸಂಪತ್ತಿನ ಸಣ್ಣ ಅಂತರವೂ ದೊಡ್ಡ ದಂಡ ತೆರಿಸುತ್ತದೆ.

ಹಾಗಿದ್ದರೆ ಬಡ ಮನೆಗಳಲ್ಲಿ ಓಗೊಡುವ ಮಾತು ಏಕೆ ಕಡಿಮೆ? ಅವರಿಗೆ ಗೊತ್ತಿಲ್ಲ, ತಿಳಿಹೇಳಬೇಕು ಎಂಬುದು ಸುಲಭದ ಉತ್ತರ. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಮೋನಿಕಾ ಎಲ್‌ವುಡ್-ಲೋ, ರೂತ್ ಫೌಶೀ ಮತ್ತು ಮಹೇಶ್ ಶ್ರೀನಿವಾಸನ್ ಬೇರೆ ಉತ್ತರ ಹುಡುಕಿದರು. ಕೆಲವು ಪೋಷಕರಿಗೆ ಇತ್ತೀಚೆಗೆ ಕೈಕಟ್ಟಿದ ಸಂದರ್ಭವೊಂದನ್ನು ನೆನೆದು ಹೇಳಲು ಕೇಳಿದರು. ಹಣದ ಮುಗ್ಗಟ್ಟು ನೆನಪಾದವರು ಅದರ ಬೆನ್ನಿಗೇ ತಮ್ಮ ಮಕ್ಕಳೊಡನೆ ಕಡಿಮೆ ಮಾತಾಡಿದರು. ಮಕ್ಕಳ ದಿನದ ಧ್ವನಿಮುದ್ರಣಗಳನ್ನು ತೆಗೆದು ನೋಡಿದಾಗ, ಕೈ ಖಾಲಿಯಾಗುವ ತಿಂಗಳ ಕೊನೆಯ ದಿನಗಳಲ್ಲಿ ಪೋಷಕರ ಮಾತು ಇಳಿಯುವುದು ಕಂಡಿತು. ಅದೇ ತಾಯಿ, ಅದೇ ಮಗು, ಅದೇ ತಿಳಿವಳಿಕೆ. ಪರ್ಸು ಮಾತ್ರ ಬೇರೆ. ಬಾಡಿಗೆ ಕಟ್ಟುವುದು ಹೇಗೆಂದು ಒಳಗೊಳಗೇ ಲೆಕ್ಕ ಹಾಕುತ್ತಿರುವವಳಿಗೆ ಮಗು ಬೀಳಿಸಿದ ಚಮಚ ಕಾಣುವುದೇ ಇಲ್ಲ. ಕಂಡರೂ ‘ಠಣ್ ಅಂತು’ ಎನ್ನುವ ಹುಮ್ಮಸ್ಸು ಇರುವುದಿಲ್ಲ. ಶೆಫೀಲ್ಡಿನ ತರಬೇತಿಯ ಲಾಭ ಏಕೆ ಕರಗಿತು ಎಂಬುದಕ್ಕೆ ನೇರ ಪುರಾವೆ ಇದಲ್ಲ, ಆದರೆ ಯಾವ ದಿಕ್ಕಿನಲ್ಲಿ ಹುಡುಕಬೇಕೆಂದು ತೋರಿಸುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಮಗುವಿನ ಮಾತು ತಡವಾದರೆ ತಾಯಿ ಮಾತಾಡಿಸಲಿಲ್ಲ ಎಂಬ ತೀರ್ಪು ನಮ್ಮಲ್ಲೂ ಬೇಗ ಹೊರಬೀಳುತ್ತದೆ. ಕೋರ್ಟ್‌ನೇ ನಾರ್ಬರಿ ಮತ್ತು ಸಂಗಡಿಗರು ಇಂಗ್ಲೆಂಡಿನ ಸರ್ರಿ ಕೌಂಟಿಯಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಬೇರೆ ಯಾವ ಗೊತ್ತಾದ ಕಾರಣವೂ ಇಲ್ಲದೆ ಭಾಷೆಯ ಬೆಳವಣಿಗೆಯಲ್ಲಿ ತೊಂದರೆ ಇರುವ ಮಕ್ಕಳು ನೂರಕ್ಕೆ 7.58. ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಸರ್ರಿ ಅಲ್ಲಿನ ಸ್ಥಿತಿವಂತ ಪ್ರದೇಶ. ಈ ತೊಂದರೆಯಲ್ಲಿ ವಂಶವಾಹಿಗಳ ಪಾಲು ದೊಡ್ಡದು. ಎಷ್ಟೇ ಮುದ್ದಾಗಿ ಮಾತಾಡಿಸಿದರೂ ಕೆಲವು ಮಕ್ಕಳಿಗೆ ತಜ್ಞರ ನೆರವು ಬೇಕೇಬೇಕು. ಬಡತನ ಮಾಡುವ ಕೆಲಸ ಇನ್ನೊಂದು ಬಗೆಯದು. ಅವಧಿಗೆ ಮುನ್ನ ಹುಟ್ಟು, ಮತ್ತೆಮತ್ತೆ ಬರುವ ಕಿವಿಯ ಸೋಂಕು, ಹೆರಿಗೆಯ ಬಳಿಕ ತಾಯಿಯನ್ನು ಕಾಡುವ ಖಿನ್ನತೆ, ಇಕ್ಕಟ್ಟಿನ ಗದ್ದಲದ ಮನೆ, ಇವೆಲ್ಲ ಒಂದೇ ಮನೆಗೆ ಒಟ್ಟೊಟ್ಟಿಗೆ ಬರುವ ಹಾಗೆ ಮಾಡುತ್ತದೆ. ತೊಂದರೆ ಇದ್ದ ಮಗುವಿಗೆ ನೆರವು ತಡವಾಗಿ ಸಿಗುವ ಹಾಗೂ ಮಾಡುತ್ತದೆ.

ಮಾತು ಆರೋಗ್ಯದ ಪ್ರಶ್ನೆಯಾಗುವುದು ಇಲ್ಲಿಯೇ. 1970ರ ಏಪ್ರಿಲ್‌ನ ಒಂದು ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ 17 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಶೋಧಕರು ಅಂದಿನಿಂದ ಹಿಂಬಾಲಿಸುತ್ತಾ ಬಂದಿದ್ದಾರೆ. ಆ ದಾಖಲೆಯನ್ನು ಬಳಸಿ ಜೇಮ್ಸ್ ಲಾ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದೇನೆಂದರೆ, ಐದನೇ ವಯಸ್ಸಿನಲ್ಲಿ ಪದಸಂಪತ್ತು ತೀರಾ ಕಡಿಮೆ ಇದ್ದವರಲ್ಲಿ ಮೂವತ್ತನಾಲ್ಕನೇ ವಯಸ್ಸಿಗೆ ಓದಲು ಕಷ್ಟಪಡುವವರು, ಮಾನಸಿಕ ಆರೋಗ್ಯ ಕೆಟ್ಟವರು, ಕೆಲಸವಿಲ್ಲದವರು ಹೆಚ್ಚು. ಎಲ್ಲಿ ನೋವು, ಎಷ್ಟು ದಿನದಿಂದ ಎಂದು ವೈದ್ಯರಿಗೆ ಬಿಡಿಸಿ ಹೇಳುವುದಕ್ಕೆ ಮಾತು ಬೇಕು. ಮಾತ್ರೆಯ ಚೀಟಿ ಓದಿ ಅರ್ಥ ಮಾಡಿಕೊಳ್ಳಲು ಬೇಕು. ಸಿಟ್ಟನ್ನು ಕೈಗೆ ತರದೆ ಬಾಯಲ್ಲಿ ಹೇಳಿ ಮುಗಿಸಲೂ ಬೇಕು. ಮೈಕಲ್ ಮಾರ್ಮಟ್ ನೇತೃತ್ವದಲ್ಲಿ 2010ರಲ್ಲಿ ಇಂಗ್ಲೆಂಡಿನ ಆರೋಗ್ಯ ಅಸಮಾನತೆಯ ವರದಿ ಬಂದಾಗ, ಅದರ ಆರು ಗುರಿಗಳಲ್ಲಿ ಮೊದಲನೆಯದು ಹೊಸ ಆಸ್ಪತ್ರೆಗಳಾಗಿರಲಿಲ್ಲ. ಪ್ರತಿ ಮಗುವಿಗೂ ಬದುಕಿನ ಒಳ್ಳೆಯ ಆರಂಭ ಎಂಬುದಾಗಿತ್ತು.

ಒಂದು ತಿಂಗಳಿಗೆ ಬದಲು ಎರಡು ವರ್ಷ ಬಿಡದೆ ಮಾಡಿದರೆ ಏನಾಗುತ್ತದೆ? ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ 1980ರ ದಶಕದಲ್ಲಿ ಸ್ಯಾಲಿ ಗ್ರಾಂಥಮ್-ಮೆಗ್ರೆಗರ್ ಮತ್ತು ಸಂಗಡಿಗರು ಅಪೌಷ್ಟಿಕತೆಯಿಂದ ಕುಳ್ಳಾಗಿದ್ದ 129 ಎಳೆಯರನ್ನು ಆರಿಸಿಕೊಂಡರು. ಕೆಲವರಿಗೆ ವಾರವಾರ ಹಾಲಿನ ಪುಡಿ, ಕೆಲವರ ಮನೆಗೆ ವಾರಕ್ಕೆ ಒಂದು ಗಂಟೆ ಆರೋಗ್ಯ ಕಾರ್ಯಕರ್ತೆಯ ಭೇಟಿ, ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ಕಾರ್ಯಕರ್ತೆ ಮಾಡುತ್ತಿದ್ದದ್ದು ಇಷ್ಟೆ: ಮನೆಯಲ್ಲೇ ಮಾಡಿದ ಆಟಿಕೆ ಹಿಡಿದು, ಮಗುವಿನೊಡನೆ ಆಡುವುದು, ಮಾತಾಡುವುದು ಹೇಗೆಂದು ತಾಯಿಗೆ ತೋರಿಸಿಕೊಡುವುದು. ಎರಡು ದಶಕಗಳ ಬಳಿಕ ಅವರನ್ನು ಮತ್ತೆ ನೋಡಿದ ಫಲಿತಾಂಶ 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಆಟ-ಮಾತಿನ ಭೇಟಿ ಪಡೆದಿದ್ದವರ ಗಳಿಕೆ ಉಳಿದವರಿಗಿಂತ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚಿತ್ತು. ಹಾಲಿನ ಪುಡಿ ಮಾತ್ರ ಪಡೆದವರಲ್ಲಿ ಅಂಥ ಲಾಭ ಉಳಿದಿರಲಿಲ್ಲ. ಇಂಗ್ಲೆಂಡಿನಲ್ಲೂ 1999ರಿಂದ ಬಡ ಬಡಾವಣೆಗಳಲ್ಲಿ ‘ಶೂರ್ ಸ್ಟಾರ್ಟ್’ ಕೇಂದ್ರಗಳು ತೆರೆದವು. ಒಂದೇ ಸೂರಿನಡಿ ಆಟ, ಆರೋಗ್ಯ ಸಲಹೆ, ತಾಯಂದಿರಿಗೆ ಕೆಲಸ ಹುಡುಕಲು ನೆರವು. 2010ರ ಬಳಿಕ ಅನುದಾನ ಕತ್ತರಿಸಿ ಹಲವು ಕೇಂದ್ರಗಳನ್ನು ಮುಚ್ಚಿದರು. ಅದಾದ ಮೇಲೆ, 2021ರಲ್ಲಿ, ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಲೆಕ್ಕ ಹಾಕಿ ಹೇಳಿತು: ಆ ಕೇಂದ್ರಗಳಿಂದಾಗಿ ಹನ್ನೊಂದರಿಂದ ಹದಿನೈದರ ವಯಸ್ಸಿನವರಲ್ಲಿ ವರ್ಷಕ್ಕೆ 13 ಸಾವಿರಕ್ಕೂ ಹೆಚ್ಚು ಆಸ್ಪತ್ರೆ ದಾಖಲಾತಿಗಳು ತಪ್ಪುತ್ತಿದ್ದವು. ಲಾಭ ಕಾಣಲು ಹತ್ತು ವರ್ಷ ಬೇಕಾಗುತ್ತದೆ, ಬಜೆಟ್ಟು ಕತ್ತರಿಸಲು ಒಂದು ಮಧ್ಯಾಹ್ನ ಸಾಕು.

ಇತ್ತೀಚಿನ ವರ್ಷಗಳಲ್ಲಿ ಮ್ಯಾಥ್ಯೂಸ್ ಕಿವುಡು ಮಕ್ಕಳ ಸಂವಹನದ ಬಗ್ಗೆಯೂ ಕೆಲಸ ಮಾಡಿದ್ದಾರೆ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಕಿವುಡು ಕೂಸುಗಳು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗಳಿಗೆ. ಕೇಳುವ ಮಗುವಾದರೆ ಕಣ್ಣು ಆಟಿಕೆಯ ಮೇಲಿದ್ದರೂ ಕಿವಿ ಅಮ್ಮನ ಮಾತನ್ನು ಹಿಡಿಯುತ್ತದೆ. ಕಿವುಡು ಮಗು ಆಟಿಕೆಯನ್ನೂ ಅಮ್ಮನ ಮುಖ-ಕೈಗಳನ್ನೂ ಕಣ್ಣೊಂದರಲ್ಲೇ ಸರದಿಯಂತೆ ನೋಡಬೇಕು. ಅಂದರೆ ಮಗು ತಲೆ ಎತ್ತುವವರೆಗೆ ಕಾದು, ಆಮೇಲೆ ಓಗೊಡಬೇಕು. ಇದನ್ನು ಯಾರಾದರೂ ತೋರಿಸಿಕೊಡದೆ ಬರುವುದಿಲ್ಲ, ತೋರಿಸಿಕೊಡಬೇಕಾದರೆ ಕಿವುಡು ಮೊದಲು ಪತ್ತೆಯಾಗಬೇಕು. ಇಂಗ್ಲೆಂಡಿನಲ್ಲಿ 2006ರ ಹೊತ್ತಿಗೆ ಪ್ರತಿ ನವಜಾತ ಶಿಶುವಿಗೂ ಶ್ರವಣ ಪರೀಕ್ಷೆ ಜಾರಿಗೆ ಬಂತು.

ನಮ್ಮ ನಾಡಿಗೂ ಈ ವಿಷಯಕ್ಕೂ ಸಂಬಂಧ ದೂರದ್ದಲ್ಲ. ಮಾತು-ಶ್ರವಣದ ತಜ್ಞರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿ 1965ರಿಂದ ಇದೆ. 1975ರ ಗಾಂಧಿ ಜಯಂತಿಯಂದು ದೇಶದ 33 ಬ್ಲಾಕುಗಳಲ್ಲಿ ಅಂಗನವಾಡಿ ಯೋಜನೆ ಶುರುವಾದಾಗ ಅವುಗಳಲ್ಲಿ ಟಿ. ನರಸೀಪುರವೂ ಒಂದು. ಮನೆಮನೆಯ ಕೂಸಿನ ಹೆಸರು, ತೂಕ, ಲಸಿಕೆಯ ದಿನ ಬಲ್ಲ ಕಾರ್ಯಕರ್ತೆಯರು ಊರೂರಲ್ಲಿ ಇದ್ದಾರೆ; ಜಮೈಕಾದಲ್ಲಿ ಮನೆಮನೆಗೆ ಹೋದಂಥ ಕಾರ್ಯಕರ್ತೆಯರ ಪಡೆ ನಮ್ಮಲ್ಲಿ ಆಗಲೇ ನಿಂತಿದೆ. ಆದರೆ ಅಂಗನವಾಡಿಯ ಆಟ-ಪಾಠ ಇರುವುದು ಮೂರು ವರ್ಷ ದಾಟಿದವರಿಗೆ. ಅದಕ್ಕೂ ಚಿಕ್ಕವರ ಪಾಲಿಗೆ ಮುಖ್ಯವಾಗಿ ಪೌಷ್ಟಿಕ ಆಹಾರದ ಪೊಟ್ಟಣ ಮತ್ತು ತೂಕದ ತಕ್ಕಡಿ. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಆಟ-ಮಾತಿಗೆಂದೇ ಕೇಂದ್ರ ಸರ್ಕಾರ ‘ನವಚೇತನ’ ಎಂಬ ಚೌಕಟ್ಟನ್ನು ಹೊರತಂದದ್ದು 2024ರಲ್ಲಷ್ಟೆ. ಕಾಗದದ ಮೇಲೆ ಅದು ಸರಿಯಾದ ವಯಸ್ಸನ್ನೇ ಹಿಡಿದಿದೆ. ಈಗಲೇ ಸಮೀಕ್ಷೆ, ರಿಜಿಸ್ಟರು, ಆ್ಯಪುಗಳ ಭಾರ ಹೊತ್ತ ಕಾರ್ಯಕರ್ತೆಗೆ ಒಂದೊಂದು ಮನೆಯಲ್ಲಿ ಕೂತು ಆಡುವಷ್ಟು ಹೊತ್ತು ಯಾರು ಕೊಡುತ್ತಾರೆ ಎಂಬುದು ಮುಂದಿನ ಪ್ರಶ್ನೆ.

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರು ಕೇಳುವ ಪ್ರಶ್ನೆ ಬೇರೆ: ಮನೆಯಲ್ಲಿ ಕನ್ನಡ ಆಡಿದರೆ ಮಗು ಇಂಗ್ಲಿಷಿನಲ್ಲಿ ಹಿಂದೆ ಬೀಳುತ್ತದೆಯೇ? ಪ್ಲಿಮತ್ ವಿಶ್ವವಿದ್ಯಾಲಯದ ಕ್ಯಾರೋಲಿನ್ ಫ್ಲೋಚಿಯಾ ಮತ್ತು ಸಂಗಡಿಗರು ಇಂಗ್ಲಿಷಿನ ಜೊತೆ ಹಿಂದಿ-ಉರ್ದು, ಬಂಗಾಳಿ, ಪೋಲಿಷ್ ಮೊದಲಾದ ಹದಿಮೂರು ಭಾಷೆಗಳಲ್ಲಿ ಒಂದನ್ನು ಕಲಿಯುತ್ತಿದ್ದ ಎರಡು ವರ್ಷದ 372 ಮಕ್ಕಳನ್ನು ಅಳೆದು 2018ರಲ್ಲಿ ಹೇಳಿದ್ದು: ಇಂಥ ಮಗುವನ್ನು ಒಂದೇ ಭಾಷೆಯ ಮಗುವಿನ ಅಳತೆಗೋಲಿನಿಂದ ಅಳೆಯಬಾರದು. ಇಂಗ್ಲಿಷಿಗೂ ಮನೆಮಾತಿಗೂ ಇರುವ ದೂರ, ಯಾವ ಭಾಷೆ ದಿನಕ್ಕೆಷ್ಟು ಕಿವಿಗೆ ಬೀಳುತ್ತದೆ ಎಂಬುದು, ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ಓಗೊಡುವ ಮಾತಿಗೆ ತಡವರಿಸದ ನಾಲಿಗೆ ಬೇಕು. ಚಮಚ ಬಿದ್ದ ಕ್ಷಣದಲ್ಲಿ ತಾಯಿಗೆ ತಟ್ಟನೆ ಬಾಯಿಗೆ ಬರುವ ಭಾಷೆಯೇ ಮಗುವಿಗೆ ಸರಿಯಾದ ಭಾಷೆ.

ಇಷ್ಟೆಲ್ಲ ನೋಡಿದ ಮೇಲೆ ಉಪದೇಶಕ್ಕೂ ನೀತಿಗೂ ಇರುವ ಬೆಲೆಯ ವ್ಯತ್ಯಾಸ ಕಾಣುತ್ತದೆ. ‘ಮಗುವಿನೊಡನೆ ಮಾತಾಡಿ’ ಎಂಬ ಪೋಸ್ಟರಿಗೆ ಖರ್ಚು ಕಡಿಮೆ, ಫೋಟೊಗೆ ಚೆಂದ. ಪೋಷಕರು ಆ ಮಾತನ್ನು ನಂಬಿ ನಡೆದುಕೊಂಡರು ಎಂಬುದನ್ನು ಶೆಫೀಲ್ಡಿನ ಮನೆಗಳು ತೋರಿಸಿವೆ. ನಡೆದುಕೊಂಡರೂ ಅಷ್ಟರಿಂದಲೇ ಸಾಲದು ಎಂಬುದನ್ನೂ ತೋರಿಸಿವೆ. ಎರಡನೇ ವರ್ಷದುದ್ದಕ್ಕೂ, ಮೂರನೇ ವರ್ಷದಲ್ಲೂ ಮತ್ತೆಮತ್ತೆ ಬರುವ ಕಾರ್ಯಕರ್ತೆ, ಸಂಬಳ ಸಹಿತ ಹೆರಿಗೆ ರಜೆ, ತಿಂಗಳ ಕೊನೆಗೂ ಉಳಿಯುವ ನಾಲ್ಕು ಕಾಸು, ಸಕಾಲದ ಶ್ರವಣ ಪರೀಕ್ಷೆ, ಮಾತು ತಡವಾದ ಮಗುವಿಗೆ ತಿಂಗಳುಗಟ್ಟಲೆ ಕಾಯಿಸದ ತಜ್ಞರು, ಇವು ದುಬಾರಿ ಬಾಬತ್ತುಗಳು. ಮಾತು ಹಿಂದೆ ಬಿದ್ದ ಮಗುವಿನ ತಾಯಿಯ ಕಡೆ ಬೆರಳು ತೋರಿಸುವ ಮುನ್ನ ಯಾವ ಸರ್ಕಾರವೇ ಆಗಲಿ ಈ ಪಟ್ಟಿಯಲ್ಲಿ ತಾನು ಎಷ್ಟನ್ನು ಕೊಟ್ಟಿದ್ದೇನೆ ಎಂದು ಮೊದಲು ಲೆಕ್ಕ ಒಪ್ಪಿಸಬೇಕು.